ಕೊನೇ ಓವರ್ ಯಾರಿಗೆ ಕೊಡಬೇಕಿತ್ತು? ‘ಕೈ ಕುದುರಿದೆ’ ಅನ್ನುವುದು ನಿಜಾನಾ, ಸುಮ್ನೆ ನಮ್ಮ ಭ್ರಮೇನಾ?

ಸ್ಕೋರ್‌ಬುಕ್, ಕಲಬುರಗಿ (ಭಾನುವಾರ ರಾತ್ರಿ 9:40)

ಇವತ್ತು ಬೆಳಿಗ್ಗೆ ಎನ್.ವಿ. ಗ್ರೌಂಡಿನಲ್ಲಿ ನಮ್ಮ ಓಣಿಯ ಟೀಮು ಫೈನಲ್ ಸೋತಿತು. ಟೆನಿಸ್ ಬಾಲ್, ಎಂಟು ಓವರ್ ಮ್ಯಾಚ್. ಬಿಸಿಲು ಏರುವ ಮುಂಚೆ ಮುಗಿಸಬೇಕು ಅಂತ ಆರೂವರೆಗೇ ಶುರು ಮಾಡಿದ್ದರು. ಸೋತಿದ್ದಕ್ಕೆ ಬೇಜಾರಿಲ್ಲ, ಸೋತ ರೀತಿಗೆ ಇದೆ. ನಾನು ಆಡುವವನಲ್ಲ. ಮೊಣಕಾಲು ಕೈಕೊಟ್ಟು ಆರು ವರ್ಷ ಆಯಿತು. ಬೇವಿನ ಮರದ ಕೆಳಗೆ ಕೂತು ಸ್ಕೋರ್ ಬರೆಯುತ್ತೇನೆ. ಹಾಗಾಗಿ ನಾನು ಹೇಳುವುದಕ್ಕೆಲ್ಲ ಪುಸ್ತಕದ ಸಾಕ್ಷಿ ಇದೆ.

ಕೊನೇ ಓವರಿನಲ್ಲಿ ಅವರಿಗೆ ಒಂಬತ್ತು ರನ್ ಬೇಕಿತ್ತು. ನಮ್ಮಲ್ಲಿ ಇಬ್ಬರದು ಒಂದೊಂದು ಓವರ್ ಉಳಿದಿತ್ತು. ಒಬ್ಬ ನಮ್ಮ ಯಾರ್ಕರ್ ಹುಡುಗ, ಎರಡು ವರ್ಷದಿಂದ ಕೊನೇ ಓವರ್ ಅಂದರೆ ಅವನೇ. ಇನ್ನೊಬ್ಬ ಆರನೇ ಓವರಿನಲ್ಲಿ ಮೂರು ವಿಕೆಟ್ ಕಿತ್ತವನು. ಕ್ಯಾಪ್ಟನ್ ಎರಡನೆಯವನನ್ನು ಕರೆದ. ‘ಇವತ್ತು ನಿನ್ನ ಕೈ ಕುದುರಿದೆ, ನೀನೇ ಹಾಕು’ ಅಂದಿದ್ದು ನನಗೂ ಕೇಳಿಸಿತು. ಯಾರೂ ಬೇಡ ಅನ್ನಲಿಲ್ಲ. ನನಗೂ ಸರಿ ಅಂತಲೇ ಅನಿಸಿತು.

ಮೊದಲ ಬಾಲ್ ವೈಡ್. ಆಮೇಲೆ ಸಿಕ್ಸ್. ಒಂದು ಡಾಟ್. ಮುಂದಿನದು ಫೋರ್. ಮೂರು ಬಾಲ್ ಇರುವಾಗಲೇ ಮ್ಯಾಚ್ ಮುಗಿಯಿತು.

ಸೂಪರ್ ಮಾರ್ಕೆಟಿನಲ್ಲಿ ಚಹಾ ಕುಡಿಯುತ್ತ ಒಂದು ಗಂಟೆ ಜಗಳ. ಕೆಲವರು ‘ಕೈ ಕುದುರೋದು ಅಂತ ಏನೂ ಇಲ್ಲ, ಎಲ್ಲ ನಸೀಬು’ ಅಂತ. ಇನ್ನು ಕೆಲವರು ‘ಆಡಿದವನಿಗೆ ಗೊತ್ತು’ ಅಂತ. ಇಲ್ಲಿ ತಿಳಿದವರು ಇದ್ದೀರಿ, ಹೇಳಿ. ಒಬ್ಬ ಸತತವಾಗಿ ಚೆನ್ನಾಗಿ ಆಡಿದರೆ ಮುಂದಿನದೂ ಚೆನ್ನಾಗಿ ಆಡುವ ಸಾಧ್ಯತೆ ನಿಜವಾಗಿ ಜಾಸ್ತಿ ಆಗುತ್ತಾ?

ಗುಂಬಜ್ ಹುಡುಗ (9:58)

ಇದರಲ್ಲಿ ಕೇಳುವುದೇನಿದೆ ಅಣ್ಣ? 1999ರ ದೆಹಲಿ ಟೆಸ್ಟ್ ನೆನಪಿಸಿಕೊಳ್ಳಿ. ಪಾಕಿಸ್ತಾನ ವಿಕೆಟ್ ಇಲ್ಲದೆ 101. ಅಲ್ಲಿಂದ 207ಕ್ಕೆ ಆಲೌಟ್. ಹತ್ತಕ್ಕೆ ಹತ್ತೂ ಕುಂಬ್ಳೆಗೆ, 74 ರನ್ನಿಗೆ. ಒಂಬತ್ತು ಬಿದ್ದ ಮೇಲೆ ಶ್ರೀನಾಥ್ ಬೇಕಂತಲೇ ಸ್ಟಂಪಿನಿಂದ ದೂರ ದೂರ ಹಾಕಿದರು, ತಮಗೆಲ್ಲಿ ವಿಕೆಟ್ ಸಿಕ್ಕಿಬಿಡುತ್ತದೋ ಅಂತ. ಅವತ್ತು ಕುಂಬ್ಳೆ ಕೈಯಿಂದ ಬಾಲು ಕಿತ್ತುಕೊಳ್ಳುವ ಕ್ಯಾಪ್ಟನ್ ಭೂಮಿ ಮೇಲೆ ಇದ್ದನಾ?

ಲೆಕ್ಕದ ಮಾಸ್ತರ್, ಯಾದಗಿರಿ (10:25)

ಕುಂಬ್ಳೆ ಉದಾಹರಣೆ ಇಲ್ಲಿ ಹೊಂದುವುದಿಲ್ಲ ತಮ್ಮ. ಅಷ್ಟರಲ್ಲಾಗಲೇ ಅವರ ಖಾತೆಯಲ್ಲಿ 200ಕ್ಕೂ ಜಾಸ್ತಿ ಟೆಸ್ಟ್ ವಿಕೆಟ್ ಇದ್ದವು. ಅವರಿಗೆ ಬಾಲು ಕೊಡುವುದಕ್ಕೆ ಅದಕ್ಕೆ ಮುಂಚಿನ ಮೂರು ವಿಕೆಟ್ಟಿನ ಆಸರೆ ಬೇಕಿರಲಿಲ್ಲ. ಒಳ್ಳೆಯ ಬೌಲರಿಗೆ ಸತತ ವಿಕೆಟ್ ಬೀಳುವುದು ಅವನು ಒಳ್ಳೆಯ ಬೌಲರ್ ಆದ ಕಾರಣಕ್ಕೆ. ಪ್ರಶ್ನೆ ಬೇರೆ. ಅದೇ ಬೌಲರ್, ವಿಕೆಟ್ ಬಿದ್ದ ಮೇಲೆ, ತನ್ನ ಮಾಮೂಲಿ ಮಟ್ಟಕ್ಕಿಂತ ಮೇಲೆ ಹೋಗುತ್ತಾನಾ?

ಇದನ್ನು ಬಾಸ್ಕೆಟ್‌ಬಾಲಿನಲ್ಲಿ ಎಣಿಸಿ ನೋಡಿದ್ದಾರೆ. ಅಮೆರಿಕದವರು ‘ಹಾಟ್ ಹ್ಯಾಂಡ್’ ಅನ್ನುತ್ತಾರೆ. ಗಿಲೊವಿಚ್, ವಲೋನ್, ಟ್ವರ್ಸ್ಕಿ ಅಂತ ಮೂವರು, 1985ರಲ್ಲಿ. ಮೊದಲು ನೂರು ಅಭಿಮಾನಿಗಳನ್ನು ಕೇಳಿದರು. ಎರಡು ಮೂರು ಬುಟ್ಟಿ ಸೇರಿಸಿದವನು ಮುಂದಿನದನ್ನೂ ಸೇರಿಸುವ ಸಾಧ್ಯತೆ ಜಾಸ್ತಿ ಅಂತ 91 ಜನ ಹೇಳಿದರು. ಆಮೇಲೆ ಫಿಲಡೆಲ್ಫಿಯಾ ಟೀಮಿನ 1980-81ರ ಸೀಸನ್ನಿನ ದಾಖಲೆ ತೆಗೆದರು. ಒಟ್ಟು ಎಸೆತದಲ್ಲಿ ಶೇಕಡಾ 52 ಸೇರಿದ್ದವು. ಸತತ ಮೂರು ಸೇರಿಸಿದ ಮೇಲಿನ ಎಸೆತ ನೋಡಿದರೆ ಶೇಕಡಾ 46. ಸತತ ಮೂರು ತಪ್ಪಿದ ಮೇಲೆ ಶೇಕಡಾ 56! ಕೈ ಕುದುರುವುದು ಹಾಗಿರಲಿ, ಉಲ್ಟಾ ಇತ್ತು. ಇದೆಲ್ಲ ಮನಸ್ಸಿನ ಭ್ರಮೆ, ಯಾವ ಜೋಡಣೆಯೂ ಇಲ್ಲದ ಕಡೆ ನಮ್ಮ ಕಣ್ಣು ಜೋಡಣೆ ಹುಡುಕುತ್ತದೆ ಅಂತ ತೀರ್ಮಾನ ಬರೆದರು.

ಹುಮನಾಬಾದ್ ಲಿಫ್ಟರ್ (10:41)

ಸರ್, ನಾನು ವಾಲಿಬಾಲ್ ಆಡುವವನು. ನಿಮ್ಮ ಲೆಕ್ಕದಲ್ಲಿ ಒಂದು ತೂತಿದೆ ಅನಿಸುತ್ತದೆ. ನಮ್ಮ ಸ್ಮ್ಯಾಷರ್ ಸತತ ಮೂರು ಪಾಯಿಂಟ್ ಹೊಡೆದ ಅಂದುಕೊಳ್ಳಿ. ಎದುರಿನವರು ಕಣ್ಣು ಮುಚ್ಚಿಕೊಂಡು ನಿಂತಿರುತ್ತಾರಾ? ನಾಲ್ಕನೆಯದಕ್ಕೆ ಅವನ ಮುಂದೆ ಡಬಲ್ ಬ್ಲಾಕ್ ಏಳುತ್ತದೆ. ಅವನಿಗೂ ಹುರುಪು ಏರಿರುತ್ತದೆ, ಹೊಡೆಯಬಾರದ ಬಾಲನ್ನೂ ಹೊಡೆಯುತ್ತಾನೆ. ಬಾಸ್ಕೆಟ್‌ಬಾಲಿನಲ್ಲೂ ಹೀಗೇ ಆಗುತ್ತದಲ್ವಾ? ಕೈ ನಿಜವಾಗಿ ಕುದುರಿದ್ದರೂ ಲೆಕ್ಕದಲ್ಲಿ ಕಾಣುವುದಿಲ್ಲ.

ಲೆಕ್ಕದ ಮಾಸ್ತರ್, ಯಾದಗಿರಿ (10:55)

ಒಳ್ಳೇ ಮಾತು. ಅವರಿಗೂ ಈ ಅನುಮಾನ ಇತ್ತು. ಅದಕ್ಕೇ ಫ್ರೀ ಥ್ರೋ ನೋಡಿದರು. ಅಲ್ಲಿ ಅಡ್ಡ ಬರುವವರು ಯಾರೂ ಇಲ್ಲ, ದೂರ ಯಾವಾಗಲೂ ಒಂದೇ. ಬಾಸ್ಟನ್ ಟೀಮಿನ ಲ್ಯಾರಿ ಬರ್ಡ್, ಆ ಕಾಲದ ದೊಡ್ಡ ಆಟಗಾರ. ಎರಡು ಸೀಸನ್‌ನಲ್ಲಿ ಜೋಡಿ ಎಸೆತ ಸಿಕ್ಕಿದ್ದು 338 ಸಲ. ಮೊದಲನೆಯದು ಸೇರಿದ 285 ಸಲದಲ್ಲಿ ಎರಡನೆಯದು 251 ಸಲ ಸೇರಿತು, ಅಂದರೆ ಶೇಕಡಾ 88. ಮೊದಲನೆಯದು ತಪ್ಪಿದ 53 ಸಲದಲ್ಲಿ 48, ಅಂದರೆ ಶೇಕಡಾ 91. ಬಹಳ ವರ್ಷ ನಾನೂ ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡುತ್ತಿದ್ದೆ. ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಈಗ ಊಟಕ್ಕೆ ಕರೆಯುತ್ತಿದ್ದಾರೆ, ನಾಳೆ ಬರೆಯುತ್ತೇನೆ.

ಗುಂಬಜ್ ಹುಡುಗ (10:57)

ಆರ್‌ಸಿಬಿ 2008ರಿಂದ 2024ರ ತನಕ 17 ಸೀಸನ್ ಕಪ್ ಇಲ್ಲದೆ ಮನೆಗೆ ಬಂದಿತಲ್ಲ ಸರ್, ಅದೂ ಭ್ರಮೇನಾ? ನಾವು ಅತ್ತಿದ್ದು ಮಾತ್ರ ನಿಜ.

ಬಿದ್ರಿ ಅಕ್ಕ, ಬೀದರ್ (ಸೋಮವಾರ ಬೆಳಿಗ್ಗೆ 6:50)

ನನಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಮನೆಯಲ್ಲಿ ಮೂವರು ನೋಡುತ್ತಾರೆ, ರೊಟ್ಟಿ ಬಡಿಯುತ್ತ ಕಿವಿಗೆ ಬಿದ್ದಿದ್ದು ಅಷ್ಟೇ. ಆದರೆ ಟಾಸ್ ವಿಷಯ ನೆನಪಾಯಿತು. 2023ರ ವಿಶ್ವಕಪ್ ಫೈನಲ್‌ನಿಂದ ಭಾರತ ಏಕದಿನ ಪಂದ್ಯಗಳಲ್ಲಿ ಸತತ 20 ಟಾಸ್ ಸೋತಿತು. ಕೊನೆಗೆ 2025ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದಲ್ಲಿ ನಮ್ಮ ರಾಹುಲ್ ಗೆದ್ದರು. ಸತತ 20 ಸೋಲಬೇಕಾದರೆ ಹತ್ತು ಲಕ್ಷಕ್ಕೆ ಒಂದು ಸಾಧ್ಯತೆಯಂತೆ, ಮಗ ಮೊಬೈಲಿನಲ್ಲಿ ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ ತೋರಿಸಿದ. ಟಾಸಿನಲ್ಲಿ ಫಾರ್ಮ್ ಅಂತ ಇರುವುದಿಲ್ಲವಲ್ಲ. ನಾಣ್ಯಕ್ಕೇ ಹೀಗೆ ಸರಣಿ ಬರುವುದಾದರೆ ಮನುಷ್ಯನಿಗೆ ಬರುವುದರಲ್ಲಿ ಏನು ವಿಶೇಷ?

ಲೆಕ್ಕದ ಮಾಸ್ತರ್, ಯಾದಗಿರಿ (7:35)

ಅಕ್ಕಾವ್ರೇ, ನೀವು ಸುಲಭ ಮಾಡಿಕೊಟ್ಟಿರಿ. ನನ್ನ ಹುಡುಗರಿಗೆ ಪ್ರತಿ ವರ್ಷ ಒಂದು ಕೆಲಸ ಕೊಡುತ್ತೇನೆ. ಅರ್ಧ ಜನ ನಿಜವಾಗಿ ನೂರು ಸಲ ನಾಣ್ಯ ಚಿಮ್ಮಿಸಿ ಬರೆಯಬೇಕು, ಉಳಿದವರು ಸುಮ್ನೆ ಮನಸ್ಸಿಗೆ ಬಂದಂತೆ ಬರೆಯಬೇಕು. ಯಾವುದು ಸುಳ್ಳು ಅಂತ ಹಾಳೆ ನೋಡಿದ ಕೂಡಲೇ ಹೇಳಿಬಿಡುತ್ತೇನೆ. ಸುಳ್ಳು ಹಾಳೆಯಲ್ಲಿ ಒಂದೇ ಮುಖ ನಾಲ್ಕು ಸಲಕ್ಕಿಂತ ಜಾಸ್ತಿ ಸಾಲಾಗಿ ಬರುವುದೇ ಅಪರೂಪ, ಬರೆಯುವವನಿಗೆ ಕೈ ನಡುಗುತ್ತದೆ. ನಿಜವಾದ ನಾಣ್ಯಕ್ಕೆ ಆ ನಾಚಿಕೆ ಇಲ್ಲ. ನೂರು ಸಲ ಚಿಮ್ಮಿಸಿದರೆ ಒಂದೇ ಮುಖ ಸತತ ಆರು ಸಲವಾದರೂ ಬೀಳುವ ಸಾಧ್ಯತೆ ಶೇಕಡಾ 80ರಷ್ಟು.

ಈಗ ನಿನ್ನೆ ಬಿಟ್ಟ ಕತೆ. 1985ರ ತೀರ್ಮಾನ ಮೂವತ್ತು ವರ್ಷ ಗಟ್ಟಿಯಾಗಿ ನಿಂತಿತ್ತು. ಆಮೇಲೆ ಮಿಲ್ಲರ್, ಸಂಹುರ್ಹೊ ಅಂತ ಇಬ್ಬರು ಆ ಎಣಿಕೆಯಲ್ಲೇ ಒಂದು ಸಣ್ಣ ತಪ್ಪು ಹಿಡಿದರು. 2018ರಲ್ಲಿ ಅಚ್ಚಾಯಿತು. ದೊಡ್ಡ ದೊಡ್ಡ ಪಂಡಿತರ ಕಣ್ಣಿಗೂ ಬೀಳದ ತಪ್ಪು. ಮನೆಯಲ್ಲೇ ಮಾಡಿ ನೋಡಬಹುದು.

ನಾಣ್ಯವನ್ನು ಮೂರು ಸಲ ಚಿಮ್ಮಿಸಿ. ಎಂಟು ಬಗೆಯಲ್ಲಿ ಬೀಳಬಹುದು. ಪ್ರತಿ ಬಗೆಯಲ್ಲೂ ಹೆಡ್ ಬಿದ್ದ ಮೇಲೆ ಮುಂದಿನ ಟಾಸ್ ಏನಾಯಿತು ಅಂತ ಮಾತ್ರ ನೋಡಿ. ಅದರಲ್ಲಿ ಶೇಕಡಾ ಎಷ್ಟು ಹೆಡ್ ಅಂತ ಬರೆಯಿರಿ. ಕೊನೆಗೆ ಸರಾಸರಿ ತೆಗೆಯಿರಿ. ನಾಣ್ಯಕ್ಕೆ ನೆನಪಿಲ್ಲ, ಹಾಗಾಗಿ 50 ಬರಬೇಕು ಅಲ್ವಾ?

ಬಿದ್ರಿ ಅಕ್ಕ, ಬೀದರ್ (9:20)

ಮಗನನ್ನು ಶಾಲೆಗೆ ಕಳಿಸಿ, ಕರೆಂಟ್ ಬಿಲ್ಲಿನ ಹಿಂದೆ ಬರೆದೆ.

ಮೂರೂ ಹೆಡ್: 100. ಹೆಡ್ ಹೆಡ್ ಟೇಲ್: 50. ಹೆಡ್ ಟೇಲ್ ಹೆಡ್: ಸೊನ್ನೆ. ಹೆಡ್ ಟೇಲ್ ಟೇಲ್: ಸೊನ್ನೆ. ಟೇಲ್ ಹೆಡ್ ಹೆಡ್: 100. ಟೇಲ್ ಹೆಡ್ ಟೇಲ್: ಸೊನ್ನೆ. ಉಳಿದ ಎರಡರಲ್ಲಿ ಹೆಡ್ ಕೊನೆಗೆ ಬಂದಿದೆ, ಇಲ್ಲ ಬಂದೇ ಇಲ್ಲ. ಅದರ ಮುಂದೆ ನೋಡುವುದಕ್ಕೆ ಏನೂ ಇಲ್ಲ, ಬಿಟ್ಟೆ.

ಒಟ್ಟು 250. ಆರರಿಂದ ಭಾಗಿಸಿದರೆ 42 ಹತ್ತಿರ ಬಂತು. ಮೂರು ಸಲ ಕೂಡಿದೆ. 42ನೇ! ಸರ್, ಇದು ಹೇಗೆ? ಬೇಳೆ ಹತ್ತಿ ಹೋಯಿತು ಈ ಲೆಕ್ಕದಲ್ಲಿ.

ಲೆಕ್ಕದ ಮಾಸ್ತರ್, ಯಾದಗಿರಿ (9:48)

ಬೇಳೆಗೆ ನಾನು ಹೊಣೆಯಲ್ಲ.

ಮೂರೂ ಹೆಡ್ ಬಿದ್ದ ಸಾಲಿನಲ್ಲಿ ಹೆಡ್ ಮೇಲೆ ಹೆಡ್ ಎರಡು ಸಲ ಬಂದಿದೆ. ಆದರೆ ಸರಾಸರಿಯಲ್ಲಿ ಅದಕ್ಕೂ ಒಂದೇ ಓಟು, ಒಂದೇ ಸಲ ನೋಡಲು ಸಿಕ್ಕ ‘ಹೆಡ್ ಟೇಲ್ ಟೇಲ್’ ಸಾಲಿಗೂ ಒಂದೇ ಓಟು. ಹೆಡ್‌ಗಳು ಒಂದೇ ಸಾಲಿನಲ್ಲಿ ಗುಂಪಾಗಿ ಕೂತು ತಮ್ಮ ತೂಕ ಕಳೆದುಕೊಂಡವು. ಸಾಲು ಉದ್ದ ಆದಷ್ಟೂ ಈ ಓರೆ ಕಡಿಮೆಯಾಗುತ್ತದೆ, ಆದರೆ ಆಟಗಾರರ ದಾಖಲೆ ಅಷ್ಟು ಉದ್ದ ಇರುವುದಿಲ್ಲ.

ಅಂದರೆ ಏನಾಯಿತು ನೋಡಿ. ಕೈ ಕುದುರುವುದು ಅಂತ ಏನೂ ಇಲ್ಲದ ಆಟಗಾರನ ಲೆಕ್ಕದಲ್ಲಿ, ಸೇರಿದ ಮೇಲಿನ ಎಸೆತ ಸ್ವಲ್ಪ ಕಡಿಮೆಯೇ ಕಾಣಬೇಕು. ಎರಡೂ ಸಮ ಕಂಡರೆ ಕೈ ಕುದುರಿದೆ ಅಂತಲೇ ಅರ್ಥ! 1985ರವರು ಕಾರ್ನೆಲ್ ಕಾಲೇಜಿನ ಹುಡುಗ ಹುಡುಗಿಯರಿಂದ ತಲಾ ನೂರರಂತೆ ಎಸೆಸಿದ್ದರು. ಆ ದಾಖಲೆಯನ್ನೇ ಇಬ್ಬರೂ ಸರಿಪಡಿಸಿ ನೋಡಿದಾಗ, ಮೂರು ಸೇರಿಸಿದ ಮೇಲೆ ಮತ್ತು ಮೂರು ತಪ್ಪಿದ ಮೇಲೆ ಇರುವ ಅಂತರ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಬಂತು. ‘ಭ್ರಮೆ’ ಅಂತ ಸಾಬೀತು ಮಾಡಿದ ದಾಖಲೆಯೇ ‘ನಿಜ’ ಅಂತ ಸಾಕ್ಷಿ ಹೇಳಿತು. ಬೋರ್ಡಿನ ಮೇಲೆ ಬರೆದಿದ್ದನ್ನೆಲ್ಲ ನಾನು ಒರೆಸಬೇಕಾಯಿತು.

ಗುಂಬಜ್ ಹುಡುಗ (9:53)

ಹಾಗಾದರೆ ಕ್ಯಾಪ್ಟನ್ ಮಾಡಿದ್ದೇ ಸರಿ! ಸ್ಕೋರ್‌ಬುಕ್ ಅಣ್ಣ, ಜಗಳ ಮುಗೀತು.

ಲೆಕ್ಕದ ಮಾಸ್ತರ್, ಯಾದಗಿರಿ (10:10)

ಮುಗಿಯಲಿಲ್ಲ. ಇದೆಯಾ ಇಲ್ಲವಾ ಅನ್ನುವುದು ಒಂದು, ಎಷ್ಟಿದೆ ಅನ್ನುವುದು ಇನ್ನೊಂದು. 2014ರಲ್ಲಿ ಹಾರ್ವರ್ಡಿನ ಮೂವರು ಎನ್‌ಬಿಎ (ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗು) ಮೈದಾನದ ಕ್ಯಾಮೆರಾ ದಾಖಲೆ ತೆಗೆದು ನೋಡಿದರು. ನಮ್ಮ ಲಿಫ್ಟರ್ ಹೇಳಿದ್ದೇ ಅಲ್ಲೂ ಕಂಡಿತು. ಸತತವಾಗಿ ಸೇರಿಸಿದವನು ಮುಂದಿನದನ್ನು ಇನ್ನೂ ದೂರದಿಂದ ಎಸೆಯುತ್ತಾನೆ, ಎದುರಾಳಿಯೂ ಅವನಿಗೆ ಹತ್ತಿರ ಅಂಟಿಕೊಳ್ಳುತ್ತಾನೆ. ಆ ಕಷ್ಟವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೆ ಕೈ ಕುದುರಿದ್ದು ಕಂಡಿತು. ಎಷ್ಟು? ನೂರಕ್ಕೆ 1.2ರಿಂದ 2.4.

ನಾವು ನೋಡುವವರು ಎಷ್ಟು ಅಂದುಕೊಳ್ಳುತ್ತೇವೆ? ಆ 1985ರ ಅಭಿಮಾನಿಗಳನ್ನೇ ಕೇಳಿದ್ದರು. ನೂರಕ್ಕೆ 50 ಸೇರಿಸುವವನು, ಒಂದು ಸೇರಿಸಿದ ಮೇಲೆ 61 ಸೇರಿಸುತ್ತಾನೆ, ತಪ್ಪಿದ ಮೇಲೆ 42 ಅಂದರು. ನಾವೆಲ್ಲ ಇರುವುದನ್ನು ಕಾಣುತ್ತೇವೆ, ಆದರೆ ಭೂತಗನ್ನಡಿಯಲ್ಲಿ. ಒಂದು ಓವರ್ ಅಂದರೆ ಆರು ಬಾಲು. ಆರು ಬಾಲು ಸಾಕಾಗುವುದಿಲ್ಲ.

ಹುಮನಾಬಾದ್ ಲಿಫ್ಟರ್ (ಸೋಮವಾರ ಮಧ್ಯಾಹ್ನ 1:15)

ಹಾಗಾದರೆ ನಾನು ಮಾಡುವುದೂ ತಪ್ಪಾ ಸರ್? ಲಿಫ್ಟರ್ ಕೆಲಸವೇ ಅದು. ಯಾರಿಗೆ ಎತ್ತಿಕೊಡಬೇಕು ಅಂತ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಯಾರ ಕೈ ನಡೆಯುತ್ತಿದೆಯೋ ಅವರಿಗೇ ಕೊಡುತ್ತೇನೆ.

ಆದರೆ ಒಂದು ಹೇಳಲಾ? ನಾನು ಪಾಯಿಂಟ್ ಎಣಿಸುವುದಿಲ್ಲ. ನಮ್ಮ ಎಡಗಡೆ ಸ್ಮ್ಯಾಷರ್ ಒಬ್ಬನಿದ್ದಾನೆ, ಕಬ್ಬಿನ ಗದ್ದೆ ಕೆಲಸ ಮುಗಿಸಿ ಸಂಜೆ ಬರುತ್ತಾನೆ. ಅವನು ಓಡಿ ಬರುವ ಕೊನೇ ಎರಡು ಹೆಜ್ಜೆ ನೋಡುತ್ತೇನೆ. ಆರಾಮ ಇರುವ ದಿನ ಆ ಎರಡು ಹೆಜ್ಜೆ ಟಪ್ ಟಪ್ ಅಂತ ಹತ್ತಿರ ಬೀಳುತ್ತವೆ, ಮೇಲೆ ಹೋದವನು ಅಲ್ಲೇ ಒಂದು ಗಳಿಗೆ ನಿಂತಂತೆ ಕಾಣುತ್ತಾನೆ. ಬಾಲಿಗೆ ಅಂಗೈ ಪೂರ್ತಿ ತಾಗುತ್ತದೆ, ಸದ್ದೇ ಬೇರೆ. ಅಂಥ ದಿನ ಬ್ಲಾಕಿಗೆ ಸಿಕ್ಕಿ ಎರಡು ಪಾಯಿಂಟ್ ಹೋದರೂ ಅವನಿಗೇ ಕೊಡುತ್ತೇನೆ. ಹೆಜ್ಜೆ ಎಳೆಯುವ ದಿನ ಮೂರು ಪಾಯಿಂಟ್ ಬಂದಿದ್ದರೂ ಕೊಡುವುದಿಲ್ಲ, ಎದುರಿನವರ ಕೈ ತಪ್ಪಿನಿಂದ ಬಂದಿರುತ್ತವೆ ಅವು.

ಲೆಕ್ಕದ ಮಾಸ್ತರ್, ಯಾದಗಿರಿ (1:40)

ತಪ್ಪಲ್ಲ. ಜರ್ಮನಿಯ ಮೊದಲ ದರ್ಜೆ ವಾಲಿಬಾಲ್ ಲೀಗಿನ 26 ಒಳ್ಳೇ ಸ್ಮ್ಯಾಷರ್‌ಗಳ ದಾಖಲೆ ನೋಡಿದ್ದಾರೆ, 2012ರಲ್ಲಿ ಬಂತು. ಅರ್ಧದಷ್ಟು ಜನರಲ್ಲಿ ಕೈ ಕುದುರುವುದು ನಿಜವಾಗಿ ಕಂಡಿದೆ. ವಾಲಿಬಾಲಿನಲ್ಲಿ ನಡುವೆ ನೆಟ್ ಇದೆ, ಎದುರಾಳಿ ಮೈಮೇಲೆ ಬೀಳುವಂತಿಲ್ಲ, ಬಹುಶಃ ಅದಕ್ಕೇ. ಆದರೆ ನಿಮ್ಮ ಎರಡನೇ ಪ್ಯಾರಾ ಆ ಪ್ರಬಂಧಕ್ಕಿಂತ ನನಗೆ ಜಾಸ್ತಿ ಹಿಡಿಸಿತು. ನಾವು ಲೆಕ್ಕದವರು ಸೇರಿತೋ ತಪ್ಪಿತೋ ಅಂತ ಎರಡೇ ಖಾನೆ ಇಟ್ಟುಕೊಂಡು ಕೂರುತ್ತೇವೆ. ನೀವು ಹೆಜ್ಜೆ ನೋಡುತ್ತೀರಿ.

ತೊಗರಿ ಮಂಡಿ (2:30)

ಕರುಣ್ ನಾಯರ್ ವಿಷಯ ಯಾರೂ ಎತ್ತಲಿಲ್ಲವಲ್ಲ. 2024-25ರ ವಿಜಯ್ ಹಜಾರೆ ಏಕದಿನ ಟೂರ್ನಿಯಲ್ಲಿ ವಿದರ್ಭಕ್ಕೆ ಆಡಿ ಎಂಟು ಇನ್ನಿಂಗ್ಸಿನಲ್ಲಿ 779 ರನ್, ಐದು ಶತಕ. ಔಟ್ ಆಗಿದ್ದು ಎರಡೇ ಸಲ, ಸರಾಸರಿ 389.5! ಕೈ ಕುದುರುವುದು ಅಂದರೆ ಇದಕ್ಕಿಂತ ಬೇಕಾ? ಅದೇ ವರ್ಷ ಇಂಗ್ಲೆಂಡಿಗೆ ಹೋದರು. ಟೆಸ್ಟಿನಲ್ಲಿ ಎಂಟು ಇನ್ನಿಂಗ್ಸ್, 205 ರನ್. ಕೈ ಎಲ್ಲಿ ಹೋಯಿತು? ಕೊಹ್ಲಿನೂ ಅಷ್ಟೇ. 2016ರ ಐಪಿಎಲ್‌ನಲ್ಲಿ 973, ಮುಂದಿನ ವರ್ಷ 308. ದರ ಏರಿದ್ದು ಇಳಿಯಲೇಬೇಕು, ನಮ್ಮ ಬೇಳೆಯಂತೆ.

ಲೆಕ್ಕದ ಮಾಸ್ತರ್, ಯಾದಗಿರಿ (2:52)

389 ಸರಾಸರಿ ಯಾರ ನಿಜವಾದ ಮಟ್ಟವೂ ಅಲ್ಲ. ಅಲ್ಲಿಂದ ಹೋಗುವುದಕ್ಕೆ ಇರುವುದು ಕೆಳಗಿನ ದಾರಿ ಒಂದೇ. ಜೊತೆಗೆ ಬಾಲು ಬೇರೆ, ಪಿಚ್ ಬೇರೆ, ಬೌಲರ್ ಬೇರೆ. ಉಲ್ಟಾನೂ ಹೀಗೇ. 2023ರಲ್ಲಿ ಸೂರ್ಯಕುಮಾರ್ ಆಸ್ಟ್ರೇಲಿಯಾ ಎದುರು ಸತತ ಮೂರು ಏಕದಿನದಲ್ಲಿ ಮೊದಲ ಬಾಲಿಗೇ ಔಟ್. ಕತೆ ಮುಗಿಯಿತು ಅಂದರು ಜನ. ಮುಂದಿನ ಐಪಿಎಲ್‌ನಲ್ಲಿ 605 ರನ್ ಹೊಡೆದರು. ಮೂರು ಬಾಲು ನೋಡಿ ಒಬ್ಬನನ್ನು ಅಳೆದರೆ ಹೀಗೇ ಆಗುವುದು.

ಆರನೇ ಓವರ್ (ಸೋಮವಾರ ರಾತ್ರಿ 8:05)

ನಾನೇ ಆ ಬೌಲರ್. ನಿನ್ನೆಯಿಂದ ಓದುತ್ತಿದ್ದೇನೆ, ಇನ್ನು ಸುಮ್ಮನಿರಲು ಆಗಲಿಲ್ಲ.

ಆ ಮೂರು ವಿಕೆಟ್ ಹೇಗೆ ಬಂದವು ಹೇಳುತ್ತೇನೆ. ಮೊದಲನೆಯದು ಫುಲ್‌ಟಾಸ್, ಕೈ ಜಾರಿತ್ತು. ಅವನು ಎತ್ತಿ ಹೊಡೆದ, ನೇರ ಲಾಂಗ್ ಆನ್ ಕೈಗೆ ಹೋಯಿತು. ನಾಲ್ಕು ಅಡಿ ಆಚೆ ಹೋಗಿದ್ದರೆ ಸಿಕ್ಸ್. ಎರಡನೆಯದು ನನ್ನದು. ನಿಧಾನದ ಬಾಲು, ನೆಲಕ್ಕೆ ಬಿದ್ದು ಕೆಳಗೇ ಉಳಿಯಿತು, ಬೌಲ್ಡ್. ಮೂರನೆಯದು ಕೀಪರ್ ಕ್ಯಾಚ್. ಏನೋ ಸದ್ದು ಬಂತು, ಎಲ್ಲರೂ ಕೂಗಿದರು, ನಾನೂ ಕೂಗಿದೆ.

ಆಮೇಲೆ ಏಳನೇ ಓವರಿನಲ್ಲಿ ಬಾಲು ಕಾಂಪೌಂಡ್ ಆಚೆ ಹೋಗಿ ಸಿಗಲಿಲ್ಲ, ನೆನಪಿದೆಯಾ? ಹೊಸದು ತಂದರು. ನನ್ನ ನಿಧಾನದ ಬಾಲು ಕೆಲಸ ಮಾಡುವುದು ಜುಂಗು ಸವೆದು ಬೋಳಾದ ಬಾಲಿನಲ್ಲಿ. ಹೊಸ ಬಾಲು ಪುಟಿದು ಸೊಂಟದ ಮಟ್ಟಕ್ಕೆ ಏಳುತ್ತದೆ. ಕೈಗೆ ಬಂದ ಕೂಡಲೇ ಗೊತ್ತಾಯಿತು ಇದು ನನ್ನ ಬಾಲಲ್ಲ ಅಂತ. ಹೇಳಬೇಕಿತ್ತು. ಆದರೆ ‘ನಿನ್ನ ಕೈ ಕುದುರಿದೆ’ ಅಂದಾಗ ಎದೆ ಉಬ್ಬಿತ್ತಲ್ಲ, ಬಾಯಿ ಬರಲಿಲ್ಲ. ಸಿಕ್ಸ್ ಹೋಗಿದ್ದು ಅದೇ ನಿಧಾನದ ಬಾಲಿಗೆ.

ಸ್ಕೋರ್‌ಬುಕ್, ಕಲಬುರಗಿ (8:20)

ಪುಸ್ತಕ ತೆಗೆದು ನೋಡಿದೆ. ಏಳನೇ ಓವರಿನ ಪಕ್ಕ ಅಂಚಿನಲ್ಲಿ ಪೆನ್ಸಿಲಿನಲ್ಲಿ ‘ಬಾ. ಬ.’ ಅಂತ ನಾನೇ ಬರೆದಿದ್ದೇನೆ. ಬಾಲ್ ಬದಲು. ಬರೆದವನಿಗೇ ಅದರ ಅರ್ಥ ಹೊಳೆಯಲಿಲ್ಲ. ವಿಕೆಟ್ಟಿನ ಮೂರು ಗುರುತು ಮಾತ್ರ ಕೆಂಪು ಶಾಯಿಯಲ್ಲಿ ದಪ್ಪಗೆ ಕಾಣುತ್ತವೆ. ಫುಲ್‌ಟಾಸಿಗೂ ಒಳ್ಳೇ ಬಾಲಿಗೂ ಒಂದೇ ಗುರುತು.

ಈ ವರ್ಷದ ಪುಸ್ತಕವಿಡೀ ತಿರುವಿದೆ ಸರ್, ಎರಡು ಮೂರು ವಿಕೆಟ್ ಬಿದ್ದ ಓವರ್ ಆದ ಮೇಲೆ ಅದೇ ಬೌಲರ್ ಏನು ಮಾಡಿದ ಅಂತ. ಅಂಥವು ಬೆರಳೆಣಿಕೆ. ಏನೂ ಹೇಳಲು ಆಗುವುದಿಲ್ಲ ಅನ್ನುತ್ತೀರಿ, ಗೊತ್ತು.

ಲೆಕ್ಕದ ಮಾಸ್ತರ್, ಯಾದಗಿರಿ (8:24)

ಹೌದು, ಅದನ್ನೇ ಅನ್ನುತ್ತೇನೆ.

ಅಂಪೈರ್ ಕಾಕಾ (8:50)

ಮೂರನೇ ವಿಕೆಟ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ, ಯಾರೂ ಬೈಯಬೇಡಿ. ಆ ಸದ್ದು ಬ್ಯಾಟು ನೆಲಕ್ಕೆ ತಾಗಿದ್ದು. ಬೆರಳು ಎತ್ತಿದ ಮೇಲೆ ಗೊತ್ತಾಯಿತು, ಹುಡುಗ ಬ್ಯಾಟಿನ ತುದಿಯ ಮಣ್ಣು ತೋರಿಸುತ್ತ ಹೋದ. ಸಂಜೆ ಅವನ ಮನೆ ಹತ್ತಿರ ಹೋಗಿ ತಪ್ಪಾಯಿತಪ್ಪ ಅಂದೆ. ‘ಬಿಡಿ ಕಾಕಾ, ಗೆದ್ದೆವಲ್ಲ’ ಅಂದ.

ಗುಂಬಜ್ ಹುಡುಗ (8:52)

ಅಂದರೆ ಮೂರರಲ್ಲಿ ಒಂದು ಫುಲ್‌ಟಾಸ್, ಒಂದು ಕಾಕಾ! ಕೈ ಕುದುರಿದ್ದು ಕಾಕಾಂದು.

ಕ್ಯಾಪ್ಟನ್ (ಸೋಮವಾರ ರಾತ್ರಿ 10:30)

ಎರಡು ದಿನದಿಂದ ನನ್ನನ್ನು ಬಿಟ್ಟು ನನ್ನ ಬಗ್ಗೆ ಮಾತಾಡುತ್ತಿದ್ದೀರಿ, ಸಂತೋಷ.

ಯಾರ್ಕರ್ ಹುಡುಗನಿಗೆ ಶನಿವಾರದಿಂದ ಭುಜ ನೋವು. ಮೊದಲ ಓವರ್ ಹಾಕಿ ಬಂದವನು ಬಾಟಲಿ ಮುಚ್ಚಳ ತಿರುಗಿಸಲಾಗದೆ ನನ್ನ ಕೈಗೆ ಕೊಟ್ಟ. ಯಾರಿಗೂ ಹೇಳಬೇಡಣ್ಣ ಅಂದಿದ್ದ, ಮುಂದಿನ ವಾರ ಅವನಿಗೆ ಜಿಲ್ಲಾ ಟೀಮಿನ ಸೆಲೆಕ್ಷನ್ ಇತ್ತು. ಈಗ ಅವನೇ ಹೇಳು ಅಂದ, ಅದಕ್ಕೆ ಬರೆದೆ. ಉಳಿದಿದ್ದವನು ಒಬ್ಬನೇ. ಅವನ ಕೈಗೆ ಬಾಲು ಕೊಡುವಾಗ ಏನು ಹೇಳಬೇಕಿತ್ತು? ‘ಬೇರೆ ಯಾರೂ ಇಲ್ಲ, ನೀನೇ ಹಾಕು’ ಅನ್ನಬೇಕಿತ್ತಾ? ಕೈ ಕುದುರಿದೆ ಅಂದೆ. ಬಾಲು ಬದಲಾಗಿದ್ದು ನನ್ನ ತಲೆಗೂ ಬರಲಿಲ್ಲ, ಅದು ನನ್ನ ತಪ್ಪು.

ಸ್ಕೋರ್‌ಬುಕ್, ಕಲಬುರಗಿ (10:41)

ಇದನ್ನು ಸೂಪರ್ ಮಾರ್ಕೆಟಿನಲ್ಲೇ ಹೇಳಿದ್ದರೆ ಹನ್ನೊಂದು ಚಹಾದ ದುಡ್ಡು ಉಳಿಯುತ್ತಿತ್ತು ಮಾರಾಯ. ಹುಡುಗನ ಭುಜ ಈಗ ಹೇಗಿದೆ?

ಕ್ಯಾಪ್ಟನ್ (10:44)

ಐಸ್ ಇಡುತ್ತಿದ್ದಾನೆ. ಬಾಟಲಿ ಮುಚ್ಚಳ ಇವತ್ತು ತೆಗೆದನಂತೆ.